ಮೆರಾಂಗ್‌ಗೆ ಮಳೆಗಾಲ ಅಂತ ಒಂದಿದೆ, ಹೇಳ್ರೀ!

ಅಡುಗೆ ವಿಡಿಯೊ ಮಾಡುವವರಲ್ಲಿ ಒಂದು ವಿನಂತಿ. ಮೆರಾಂಗ್ (ಮೊಟ್ಟೆಯ ಬಿಳಿಭಾಗಕ್ಕೆ ಸಕ್ಕರೆ ಹಾಕಿ ನೊರೆ ಬರಿಸಿ ಓವನ್‌ನಲ್ಲಿ ಒಣಗಿಸುವ ಸಿಹಿ) ತೋರಿಸುವಾಗ ಹವಾಮಾನದ ಬಗ್ಗೆಯೂ ಹೇಳಿ. ಜುಲೈನಲ್ಲಿ ನಮ್ಮ ಬೆಳಗಾವಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮೊಟ್ಟೆಯ ನೊರೆ ಒಣಗುತ್ತದಾ? ನಾನು ಮಾಡಿದಾಗ ಬಟ್ಟಲಲ್ಲಿ ಜಿಡ್ಡಿರಲಿಲ್ಲ, ಮೊಟ್ಟೆಯ ಹಳದಿ ಒಂದು ಹನಿಯೂ ಬಿದ್ದಿರಲಿಲ್ಲ, ನೊರೆ ಗಟ್ಟಿಯಾಗಿ ನಿಂತಿತ್ತು. 100 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಡಬೇಕು. ಅರ್ಧಕ್ಕೇ ಕರೆಂಟ್ ಹೋಯಿತು! ಬಂದ ಮೇಲೆ ಹೇಗೋ ಗರಿಗರಿಯಾಯಿತು. ತಟ್ಟೆಗೆ ಹಾಕಿ ಚಹಾ ಕಾಸುವಷ್ಟರಲ್ಲಿ ಅಂಟಂಟು. ಸಕ್ಕರೆ ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ, ಅದರ ಗುಣವೇ ಅದು. ಓವನ್ ಆರಿಸಿ ಒಳಗೇ ತಣ್ಣಗಾಗಲು ಬಿಡಿ, ತೆಗೆದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ ಅಂತ ಹೇಳಲು ಅರ್ಧ ನಿಮಿಷ ಸಾಕಲ್ವಾ? ಅದು ಬಿಟ್ಟು ಬರೀ ‘ತುಂಬಾ ಸುಲಭ’ ಅಂತೀರಿ. ಮೊಟ್ಟೆ, ಸಕ್ಕರೆ ಏನು ಸುಮ್ನೆ ಬರುತ್ತವಾ?