ಬಿಗಿದು ನೋಡಿದ ಮಾಲು ವಾಪಸ್ ಇಲ್ಲವಂತೆ

ಬೈಕಿನ ಹ್ಯಾಂಡಲಿಗೆ, ಕೈಗಳ ಮುಂದೆ ಗುರಾಣಿಯಂತೆ ಬಿಗಿಯುವ ಹ್ಯಾಂಡ್‌ಗಾರ್ಡ್ ಮಾರುವವರ ನ್ಯಾಯ ಕೇಳಿ. ಬೈಕಿಗೆ ಬಿಗಿದು ನೋಡದೆ ಅದು ಹೊಂದುತ್ತದೋ ಇಲ್ಲವೋ ತಿಳಿಯುವುದಿಲ್ಲ. ಬಿಗಿದು ನೋಡಿದರೆ ಹ್ಯಾಂಡಲನ್ನು ಕಚ್ಚಿ ಹಿಡಿಯುವ ಕ್ಲಾಂಪಿನ ಮೇಲೆ ಗೀರು ಬೀಳುತ್ತದೆ. ಗೀರು ಬಿದ್ದ ಮಾಲು ವಾಪಸ್ ಇಲ್ಲ. ಪುಣೆಯ ನಾನಾ ಪೇಠೆಯ ಗಲ್ಲಿಯೊಂದರ ಅಂಗಡಿಯಾತ ಇದನ್ನು ಎಷ್ಟು ಸಮಾಧಾನದಿಂದ ಹೇಳಿದನೆಂದರೆ, ಒಂದು ಗಳಿಗೆ ನನಗೂ ಅದು ಸರಿಯೆಂದೇ ಅನ್ನಿಸಿತು. ಹೊರಗೆ ಬಂದು ಬೈಕಿನ ಪಕ್ಕ ನಿಂತ ಮೇಲೆ ಮೈ ಉರಿಯತೊಡಗಿತು. ಲಕ್ಷ್ಮೀ ರಸ್ತೆಯ ಚಪ್ಪಲಿ ಅಂಗಡಿಯಲ್ಲಿಯೂ ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಲು ಬಿಡುತ್ತಾರಲ್ಲ!

ಕೈಗೆ ಗಾರ್ಡ್ ಯಾಕೆ ಬೇಕು ಎಂದು ಕೇಳುವವರು ಆಷಾಢದಲ್ಲಿ ಒಮ್ಮೆ ಮುಳಶಿ ದಾಟಿ ತಾಮ್ಹಿಣಿ ಘಾಟಿನಲ್ಲಿ ಬೈಕ್ ಓಡಿಸಬೇಕು. ಅಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಎದುರಿನಿಂದ ಬಂದು ಗೆಣ್ಣುಗಳಿಗೆ ಬಡಿಯುತ್ತದೆ. ಬೆರಳು ಮರಗಟ್ಟಿ, ಬ್ರೇಕ್ ಎಷ್ಟು ಒತ್ತಿದ್ದೇವೆ ಎಂಬ ಅಂದಾಜೇ ತಪ್ಪಿಹೋಗುತ್ತದೆ. ಬೈಕ್ ನಿಂತಲ್ಲೇ ಪಕ್ಕಕ್ಕೆ ವಾಲಿ ಬಿದ್ದರೂ ಸಾಕು, ಮೊದಲು ಮುರಿಯುವುದು ಕ್ಲಚ್ಚಿನ ಅಥವಾ ಬ್ರೇಕಿನ ಲಿವರ್. ಘಾಟಿನ ನಡುವೆ ಲಿವರ್ ಮುರಿದುಕೊಂಡು ನಿಂತವನಿಗೆ ಆ ತುಂಡಿನ ಬೆಲೆ ಗೊತ್ತು. ಹಾಗಾಗಿಯೇ ಬರೀ ಪ್ಲಾಸ್ಟಿಕ್ಕಿನದು ಬೇಡವೆಂದು, ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ, ಹ್ಯಾಂಡಲಿಗೆ ಎರಡು ಕಡೆ ಬಿಗಿಯುವ ಗಾರ್ಡನ್ನೇ ಸಾವಿರಾರು ರೂಪಾಯಿ ಕೊಟ್ಟು ಕೊಂಡೆ.

ಕೊಳ್ಳುವಾಗ ನನ್ನ ಬೈಕು ಅಂಗಡಿಯ ಮುಂದೆಯೇ ನಿಂತಿತ್ತು. ಕೈ ಮಾಡಿ ತೋರಿಸಿಯೇ ಕೇಳಿದೆ: ಇದಕ್ಕೆ ಹೊಂದುತ್ತದೆಯೇ? ಆತ ಕುರ್ಚಿಯಿಂದ ಏಳಲಿಲ್ಲ. ‘ಬಸೂನ್ ಜಾಯೀಲ್ ಸಾಹೇಬ್’ ಎಂದ. ಕೂತುಬಿಡುತ್ತದಂತೆ. ಹಾಗಾದರೆ ಇಲ್ಲೇ ಹಾಕಿಕೊಡಿ ಎಂದರೆ, ಫಿಟ್ಟಿಂಗ್ ತಾವು ಮಾಡುವುದಿಲ್ಲ, ಮನೆಯಲ್ಲೇ ಐದು ನಿಮಿಷದ ಕೆಲಸ ಎಂಬ ಉತ್ತರ. ಈ ಐದು ನಿಮಿಷವನ್ನು ಕಂಡುಹಿಡಿದವನು ಯಾರೋ, ಅವನ ಕೈಗೆ ಬೋಲ್ಟ್ ಬಿಗಿಯುವ ಆರು ಮೂಲೆಯ ಅಲೆನ್ ಕೀ ಒಂದನ್ನು ಕೊಟ್ಟು ನಮ್ಮ ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕೂರಿಸಬೇಕು. ಪಕ್ಕದಲ್ಲಿ ನಮ್ಮ ಸೆಕ್ರೆಟರಿಯವರನ್ನೂ ನಿಲ್ಲಿಸಬೇಕು. ಪಾರ್ಕಿಂಗಿನಲ್ಲಿ ವಾಹನ ರಿಪೇರಿ ನಿಷಿದ್ಧ ಎಂಬ ನೋಟಿಸನ್ನು ಅವರು ಎರಡು ಭಾಷೆಗಳಲ್ಲಿ ಓದಿ ಹೇಳುತ್ತಾರೆ.

ಪೆಟ್ಟಿಗೆ ಬಿಚ್ಚಿದೆ. ಗಾರ್ಡುಗಳೆರಡು, ಒಂದು ಚಿಕ್ಕ ಚೀಲದ ತುಂಬ ಬೋಲ್ಟು, ವಾಷರ್, ರಬ್ಬರು. ಯಾವ ಬೋಲ್ಟು ಎಲ್ಲಿಗೆ ಎಂದು ಹೇಳುವ ಒಂದು ಚೀಟಿಯೂ ಇಲ್ಲ. ತಯಾರಿಸಿದವರು ಯಾರು, ಯಾವ ದೇಶದ್ದು, ಪೆಟ್ಟಿಗೆಯ ಆರೂ ಮುಖ ತಿರುಗಿಸಿದರೂ ಸಿಗುವುದಿಲ್ಲ. ಪ್ಯಾಕ್ ಮಾಡಿದ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಇರಬೇಕು ಎಂದು ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳಲ್ಲಿ ಬರೆದಿದೆ. ಎರಡು ರೂಪಾಯಿಯ ಬಿಸ್ಕತ್ತಿನ ಪೊಟ್ಟಣವೂ ಅದನ್ನು ಪಾಲಿಸುತ್ತದೆ.

ಇನ್ನು ಅಳತೆಯ ಮಾತು. ಹ್ಯಾಂಡಲಿನ ಹಿಡಿಯ ಭಾಗ ಬಹುತೇಕ ಬೈಕುಗಳಲ್ಲಿ 22 ಮಿಲಿಮೀಟರ್ ದಪ್ಪ. ಕೆಲವು ಅಡ್ವೆಂಚರ್ ಬೈಕುಗಳಲ್ಲಿ ನಡುಭಾಗ 28.6ರವರೆಗೆ ದಪ್ಪಗಿದ್ದು ತುದಿಗೆ ಬರುತ್ತ ಸಣ್ಣದಾಗುತ್ತದೆ. ಇಷ್ಟು ಈ ಗಾರ್ಡ್ ಮಾಡಿದವರಿಗೆ ಗೊತ್ತಿದೆ. ಕ್ಲಾಂಪಿಗೊಂದು ಪ್ಲಾಸ್ಟಿಕ್ ಪಟ್ಟಿ ಇಟ್ಟಿದ್ದಾರೆ. ಆದರೆ ಹ್ಯಾಂಡಲಿನ ತುದಿಯ ಒಳಗೆ ಏನಿದೆ ಎಂಬುದನ್ನು ಅವರು ಯೋಚಿಸಿದಂತೆ ಕಾಣುವುದಿಲ್ಲ. ಅವರ ಲೆಕ್ಕದಲ್ಲಿ ಅದು ಟೊಳ್ಳು ಕೊಳವೆ. ಬೋಲ್ಟ್ ಬಿಗಿದಂತೆ ರಬ್ಬರು ಉಬ್ಬಿ ಒಳಗೆ ಕಚ್ಚಿಕೊಳ್ಳಬೇಕು. ಆದರೆ ನಡುಕ ತಗ್ಗಿಸಲು ತುದಿಯಲ್ಲಿ ಭಾರದ ಗುಂಡು ಕೂರಿಸಿದ ಎಷ್ಟೋ ಬೈಕುಗಳಲ್ಲಿ ಒಳಗೆ ಬೋಲ್ಟ್ ತಿರುಗಿ ಕೂರುವ ಥ್ರೆಡ್ ಇರುವ ಲೋಹದ ತುಂಡನ್ನು ಬೆಸುಗೆ ಹಾಕಿರುತ್ತಾರೆ. ನನ್ನದರಲ್ಲೂ ಇದೆ. ಆ ರಬ್ಬರು ಒಳಹೋಗಲು ಜಾಗವೇ ಇಲ್ಲ. ಹೋಗಲಿ, ಇರುವ ಥ್ರೆಡ್ಡಿಗೇ ಬೋಲ್ಟ್ ಹಾಕೋಣವೆಂದರೆ ಬೈಕಿನದು 8 ಮಿಲಿಮೀಟರ್, ಚೀಲದಲ್ಲಿ ಇದ್ದದ್ದು 6. ಅದೂ ಎಂಥ ಬೋಲ್ಟ್! ಒಳ ಕ್ಲಾಂಪಿನದನ್ನು ಕೈಯಲ್ಲಿ ಸ್ವಲ್ಪ ಬಿಗಿ ಮಾಡುವಷ್ಟರಲ್ಲಿ ತಲೆಯೊಳಗಿನ ಆರು ಮೂಲೆಯೂ ಸವೆದು ಅಲೆನ್ ಕೀ ಗರಗರ ತಿರುಗತೊಡಗಿತು.

ಇದೆಲ್ಲ ನಡೆಯುವುದು ಯಾವ ಊರಿನಲ್ಲಿ? ಇತ್ತ ಚಾಕಣ್, ಅತ್ತ ಆಕುರ್ಡಿ. ದೇಶಕ್ಕೆಲ್ಲ ಬೈಕು ಮಾಡಿ ಕಳಿಸಿದ ನೆಲ. ಭೋಸರಿಯ ಓಣಿಗಳಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಲೋಹ ಕಡೆಯುವ ಯಾವುದೋ ಲೇತ್ ಮೇಲೆ ಬೀಳುತ್ತದೆ. ಕೊನೆಗೆ ನಾನೂ ಅಲ್ಲಿಗೇ ಹೋದೆ. ಶೆಡ್ಡಿನೊಳಗೆ ಲೇತ್ ಮುಂದೆ ನಿಂತವನು ಇಂಡಿ ತಾಲ್ಲೂಕಿನ ಹುಡುಗ. ನನ್ನ ಮರಾಠಿ ಕೇಳಿ ಮುಗುಳ್ನಕ್ಕು, ‘ಅಣ್ಣಾ, ಕನ್ನಡದಲ್ಲೇ ಹೇಳಿ’ ಎಂದ. ನಾನು ಹೇಳುವುದಕ್ಕೆ ಮುಂಚೆಯೇ ಅವನ ಕೈಗೆ ಅಳತೆಯ ವರ್ನಿಯರ್ ಬಂದಿತ್ತು. ಒಳ ಅಳತೆ, ಹೊರ ಅಳತೆ, ಥ್ರೆಡ್ ಎಷ್ಟು ಆಳ, ಲಿವರಿನ ತುದಿಗೆ ಎಷ್ಟು ಜಾಗ ಬೇಕು, ಒಂದೊಂದನ್ನೂ ಕೇಳಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಈ ಇಡೀ ವ್ಯವಹಾರದಲ್ಲಿ ಅಳತೆ ಕೇಳಿದ ಮೊದಲ ಮನುಷ್ಯ ಅವನು. ಚಹಾ ತಣ್ಣಗಾಗುವುದರೊಳಗೆ ನಡುವೆ ಕೂರಿಸುವ ಲೋಹದ ಬಳೆಗಳನ್ನು, ಎಂದರೆ ಎರಡು ಬುಷ್ ಕಡೆದುಕೊಟ್ಟು, ಗಟ್ಟಿ ಬೋಲ್ಟುಗಳನ್ನೂ ಹುಡುಕಿಕೊಟ್ಟ. ಅವನು ತೆಗೆದುಕೊಂಡ ದುಡ್ಡು ಹೇಳಿದರೆ ನಾನಾ ಪೇಠೆಯವನಿಗೆ ನಾಚಿಕೆಯಾಗಬೇಕು, ಆಗುವುದಿಲ್ಲ, ಬಿಡಿ.

ಎಡಗಡೆಯದು ಕೂತಿತು. ಬಲಗಡೆಯದೇ ಈಗ ನನ್ನ ಜಗಳ. ಮುಂದಿನ ಬ್ರೇಕಿನ ಪೈಪು ಮಾಸ್ಟರ್ ಸಿಲಿಂಡರಿನಿಂದ, ಅಂದರೆ ಲಿವರ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ದೂಡುವ ಕೊಳವೆಯಿಂದ, ಹೊರಡುವ ಜಾಗವೂ ಗಾರ್ಡಿನ ಒಳ ಕ್ಲಾಂಪ್ ಕೂರಬೇಕಾದ ಜಾಗವೂ ಒಂದೇ. ಕ್ಲಾಂಪನ್ನು ಸರಿಸಿದರೆ ಅಲ್ಯೂಮಿನಿಯಂ ಪಟ್ಟಿಯ ಉದ್ದ ಸಾಲದು. ಸರಿಸದಿದ್ದರೆ ಪಟ್ಟಿಯ ಬಾಗು ಬ್ರೇಕ್ ಲಿವರಿನ ತುದಿಗೆ ತಾಗುತ್ತದೆ. ಬಿಗಿದು, ಕೀ ತಿರುಗಿಸಿ, ಹಿಂದೆ ಹೋಗಿ ನೋಡಿದರೆ ಬ್ರೇಕ್ ದೀಪ ಉರಿಯುತ್ತಲೇ ಇದೆ! ಲಿವರನ್ನು ನಾನು ಮುಟ್ಟಿಲ್ಲ, ಗಾರ್ಡ್ ಮುಟ್ಟಿದೆ. ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂಬದಿಯನ್ನು ಒತ್ತಿ ಮುಂದಿನ ಚಕ್ರವನ್ನು ಎತ್ತಿಸಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತದೆ.

ಇದು ಬರೀ ಕಿರಿಕಿರಿ ಎಂದುಕೊಳ್ಳಬೇಡಿ. ಹೈಡ್ರಾಲಿಕ್ ಬ್ರೇಕಿನಲ್ಲಿ ಕೈಬಿಟ್ಟ ಲಿವರ್ ತನ್ನ ಜಾಗಕ್ಕೆ ಪೂರ್ತಿ ಮರಳಿದಾಗ ಮಾತ್ರ ಮಾಸ್ಟರ್ ಸಿಲಿಂಡರಿನೊಳಗಿನ ಸಣ್ಣ ರಂಧ್ರ ತೆರೆದು, ಬಿಸಿಗೆ ಹಿಗ್ಗಿದ ಎಣ್ಣೆ ಡಬ್ಬಿಗೆ ಮರಳುತ್ತದೆ. ಲಿವರ್ ಒಂದಿಷ್ಟು ಒತ್ತಿಕೊಂಡೇ ಇದ್ದರೆ ಆ ದಾರಿ ಮುಚ್ಚಿರುತ್ತದೆ. ಪ್ಯಾಡು ಡಿಸ್ಕಿಗೆ ಉಜ್ಜುತ್ತ ಎಣ್ಣೆ ಬಿಸಿಯಾಗುತ್ತದೆ, ಒತ್ತಡ ಏರುತ್ತದೆ, ಬ್ರೇಕ್ ತಾನಾಗಿಯೇ ಇನ್ನಷ್ಟು ಹಿಡಿಯುತ್ತದೆ, ಕೊನೆಗೆ ಓಡುವ ಚಕ್ರವೇ ಕಚ್ಚಿ ನಿಲ್ಲಬಹುದು. ಖಂಬಾಟ್ಕಿ ಘಾಟ್ ಇಳಿಯುವಾಗ ಹಾಗಾಯಿತು ಎಂದಿಟ್ಟುಕೊಳ್ಳಿ, ಹಿಂದೆ ಸಕ್ಕರೆ ಹೊತ್ತ ಲಾರಿ ಬರುತ್ತಿದೆ ಎಂದೂ ಇಟ್ಟುಕೊಳ್ಳಿ. ದೀಪ ಸದಾ ಉರಿಯುವುದರಿಂದ ನಾನು ಬ್ರೇಕ್ ಹಾಕಿದ್ದೇನೋ ಇಲ್ಲವೋ ಲಾರಿಯವನಿಗೂ ತಿಳಿಯುವುದಿಲ್ಲ.

ಆಕ್ಸಿಲರೇಟರಿನದೂ ಇಂಥದ್ದೇ ಕಥೆ. ಬಲಗೈ ಹಿಡಿ ತಿರುಗುವಂಥದ್ದು. ಅದರ ತುದಿಗೂ ಗಾರ್ಡಿಗೂ ನಡುವೆ ಒಂದೆರಡು ಮಿಲಿಮೀಟರಾದರೂ ಸಂದು ಬೇಕು, ಬಿಟ್ಟ ಕೂಡಲೇ ಟಪ್ ಎಂದು ಹಿಂದಕ್ಕೆ ಬರಬೇಕು. ಎಂಜಿನ್ ನಡೆಯುತ್ತಿರುವಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದರೂ ಎಂಜಿನ್ನಿನ ಸದ್ದು ಏರಬಾರದು. ಇಷ್ಟನ್ನು ಎರಡು ಸಾಲಿನಲ್ಲಿ ಅಚ್ಚು ಹಾಕಿ ಪೆಟ್ಟಿಗೆಯಲ್ಲಿ ಇಡಲು ಏನು ರೋಗ? ವಿಡಿಯೋಗಳಲ್ಲಿ ಪಾಠ ಹೇಳುವ ಮಹಾನುಭಾವರು ಇನ್ನೂ ಮೇಲು. ಹಳೆಯ ಗುಂಡನ್ನು ಬಿಚ್ಚುವುದನ್ನು ತೋರಿಸುತ್ತಾರೆ, ಆಮೇಲೆ ಸಂಗೀತ ಶುರುವಾಗುತ್ತದೆ, ಸಂಗೀತ ನಿಲ್ಲುವಷ್ಟರಲ್ಲಿ ಗಾರ್ಡ್ ಕೂತಿರುತ್ತದೆ. ನಮಗೆ ಬೇಕಾದದ್ದೆಲ್ಲ ಆ ಸಂಗೀತದ ಅಡಿಯಲ್ಲಿ ಹೂತುಹೋಗಿದೆ.

ಅಂಗಡಿಗೆ ಮತ್ತೆ ಹೋಗಿ ಇದನ್ನೆಲ್ಲ ವಿವರಿಸಿದೆ. ಆತ ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ: ಮಾರಿದ ಮಾಲು ಹಿಂಪಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆಯೇ ಹೇಳುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಅದೇ ಕಾಯ್ದೆಯಲ್ಲಿ, ಸರಿಯಾಗಿ ಬಳಸುವ ಸೂಚನೆ ಕೊಡದೆ ಮಾರಿದ ಸರಕಿನಿಂದ ಹಾನಿಯಾದರೆ ತಯಾರಕ ಹೊಣೆ. ತಯಾರಕ ಯಾರೆಂದೇ ಗೊತ್ತಿಲ್ಲದಿದ್ದರೆ ಮಾರಿದವನೇ ಹೊಣೆಯಾಗಬಹುದು ಎಂದೂ ಇದೆ. ಓದಲು ಚೆಂದವಾಗಿದೆ. ಆದರೆ ಹಾನಿಯಾಗಬೇಕಲ್ಲ! ಅಂದರೆ ಆ ಹೊಣೆಯ ಮಾತು ಎತ್ತಲು ನಾನು ಮೊದಲು ಘಾಟಿನಲ್ಲಿ ಬೀಳಬೇಕು.

ಇದನ್ನೇ ಹೇಳಿದ್ದಕ್ಕೆ, ‘ಸಾಹೇಬ್, ಎಲ್ಲರೂ ಹಾಕಿಸಿಕೊಳ್ಳುತ್ತಾರೆ, ನಿಮ್ಮೊಬ್ಬರದೇ ತಕರಾರು’ ಎಂದ. ಎಡಗಡೆಯದು ಕೂತಿದೆ, ಬಲಗಡೆಯದೊಂದನ್ನಾದರೂ ತೆಗೆದುಕೊಂಡು ಅರ್ಧ ದುಡ್ಡು ಕೊಡಿ ಎಂದೆ. ಜೋಡಿಯನ್ನು ಒಡೆಯುವುದಿಲ್ಲವಂತೆ. ಜೋಡಿಯನ್ನೇ ಕೊಡುತ್ತೇನೆ ಎಂದರೆ ಎಡಗಡೆಯದಕ್ಕೆ ಗೀರು ಬಿದ್ದಿದೆಯಂತೆ. ಈ ಮನುಷ್ಯನನ್ನು ನ್ಯಾಯಾಲಯದಲ್ಲಿ ನಿಲ್ಲಿಸಿದರೆ ನ್ಯಾಯಾಧೀಶರೇ ರಾಜಿಗೆ ಬರುತ್ತಾರೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಬಿಲ್ಲು, ಹೆಸರಿಲ್ಲದ ಪೆಟ್ಟಿಗೆಯ ಚಿತ್ರಗಳು, ಉರಿಯುತ್ತಿರುವ ಬ್ರೇಕ್ ದೀಪದ ವಿಡಿಯೋ ಎಲ್ಲ ಸಿದ್ಧ ಮಾಡಿ ಇಟ್ಟುಕೊಂಡಿದ್ದೇನೆ. ದೂರು ತೀರುವವರೆಗೆ ಎಡಗೈಗೆ ಮಾತ್ರ ಗಾರ್ಡ್ ಇರುವ ಬೈಕನ್ನೇ ಓಡಿಸುತ್ತಿದ್ದೇನೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದವರು ನೋಡುತ್ತಾರೆ, ನೋಡಲಿ. ನಿನ್ನೆ ಅಂಗಡಿಯವನಿಂದ ಸಂದೇಶ ಬಂದಿತ್ತು. ದೂರಿನ ಬಿಸಿ ತಟ್ಟಿತೆಂದು ಖುಷಿಯಿಂದಲೇ ತೆರೆದೆ. ಹ್ಯಾಂಡಲನ್ನೇ ಬದಲಾಯಿಸಿಬಿಟ್ಟರೆ ಗಾರ್ಡ್ ಸರಿಯಾಗಿ ಕೂರುತ್ತದಂತೆ, ತನ್ನಲ್ಲಿ ಒಳ್ಳೆಯ ಹ್ಯಾಂಡಲ್ ಬಂದಿದೆಯಂತೆ, ನನಗೆಂದು ರಿಯಾಯಿತಿಯಲ್ಲಿ ಕೊಡುತ್ತಾನಂತೆ. ಫಿಟ್ಟಿಂಗ್ ಮಾತ್ರ ಮನೆಯಲ್ಲೇ ಮಾಡಿಕೊಳ್ಳಬೇಕಂತೆ.