ಕನ್ನಡದ ಕಾಗದಕ್ಕೆ ಲೇಸರ್ ಪ್ರಿಂಟರೇ ಬೇಕೇ?

ಪರ: ಒತ್ತಕ್ಷರ ಉಳಿಯಬೇಕಾದರೆ ಬೇಕು

ಪಿನ್ನುಗಳಿಂದ ರಿಬ್ಬನ್ನಿನ ಮೇಲೆ ಬಡಿದು ಚುಕ್ಕಿಗಳಲ್ಲಿ ಅಕ್ಷರ ಮೂಡಿಸುವ ಸಾಮಾನ್ಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಇಂಗ್ಲಿಷ್ ಹುಟ್ಟಿನಿಂದಲೇ ಗೊತ್ತು. ಕಂಪ್ಯೂಟರ್ ಒಂದು ಬೈಟ್ ಕಳಿಸಿದರೆ ಸಾಕು, ಆ ಅಕ್ಷರಕ್ಕೆ ಎಲ್ಲೆಲ್ಲಿ ಚುಕ್ಕಿ ಬೇಕೆಂದು ಒಳಗಿನ ಚಿಪ್ಪೇ ಹೇಳಿಬಿಡುತ್ತದೆ. ಕನ್ನಡ ಅದಕ್ಕೆ ಬಾರದು. 'ಲಕ್ಷ್ಮಿ' ಎಂದು ಬರೆಯಬೇಕಾದರೆ ಅದನ್ನೊಂದು ಚಿತ್ರ ಮಾಡಿ, ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಗ್ರಾಫಿಕ್ಸ್ ಗುಣಮಟ್ಟವೆಂದರೆ ಇಂಗ್ಲಿಷಿನವರಿಗೆ ಫೋಟೊ, ನಕ್ಷೆಗಳ ಮಾತು. ನಮಗೆ ಅದು ಅಕ್ಷರದ ಮಾತು.

9 ಪಿನ್ನಿನ ಯಂತ್ರದಲ್ಲಿ ಪಿನ್ನುಗಳ ನಡುವಿನ ಅಂತರ ಇಂಚಿನ 72ನೇ ಒಂದು ಭಾಗ. ಅಕ್ಷರ ಅಳೆಯುವ ಪಾಯಿಂಟೂ ಅಷ್ಟೇ. ಅಂದರೆ 12 ಪಾಯಿಂಟಿನ ಸಾಲಿಗೆ ಮೇಲಿಂದ ಕೆಳಕ್ಕೆ ಸಿಗುವುದು 12 ಚುಕ್ಕಿ ಮಾತ್ರ. ಅದರಲ್ಲೇ ತಲೆಕಟ್ಟು, ಅದರಲ್ಲೇ ಹೊಟ್ಟೆ, ಅದರಲ್ಲೇ ಒತ್ತು. 'ಬ'ದ ಹೊಟ್ಟೆ ಸೀಳಿ 'ಭ' ಮಾಡಲು ಒಂದೇ ಒಂದು ಚುಕ್ಕಿ ಉಳಿದರೆ ಪುಣ್ಯ. ಕಾಗದವನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಮ್ಮೆ ಬಡಿಸಬಹುದು ನಿಜ, ಆದರೆ ಹೊತ್ತು ಎರಡುಪಟ್ಟಾಗುತ್ತದೆ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿಯ ಲೇಸರಿನಲ್ಲಿ ಅದೇ ಸಾಲಿಗೆ 100 ಚುಕ್ಕಿ.

ವೇಗವನ್ನೂ ಲೆಕ್ಕ ಹಾಕೋಣ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಬರೆದದ್ದು ನಮಗಲ್ಲ. ಗ್ರಾಫಿಕ್ಸಿನಲ್ಲಿ ಸಾಮಾನ್ಯವಾಗಿ 8 ಪಿನ್ನು ಕೆಲಸ ಮಾಡುತ್ತವೆ, ಪಿನ್ನುಗಳನ್ನು ಹೊತ್ತ ತಲೆ ಹಾಳೆಯ ಅಡ್ಡಕ್ಕೆ ಓಡುವ ಒಂದು ಓಟಕ್ಕೆ ಇಂಚಿನ ಒಂಬತ್ತನೇ ಒಂದು ಭಾಗ ಮುಗಿಯುತ್ತದೆ. 11 ಇಂಚಿನ ಹಾಳೆಗೆ 99 ಓಟ. ಓಟಕ್ಕೆ 2 ಸೆಕೆಂಡು ಹಿಡಿದರೂ ಮೂರು ನಿಮಿಷ ದಾಟಿತು. ಕಪ್ಪು ಜಾಗ ಹೆಚ್ಚಿದ್ದರೆ ತಲೆ ಬಿಸಿಯಾಗಿ ತಾನೇ ನಿಧಾನಿಸುತ್ತದೆ, ಆ ಕಪ್ಪಿನ ನಡುವೆ ಬಿಳಿ ಗೆರೆಗಳೂ ಮೂಡುತ್ತವೆ. ಲೇಸರಿಗೆ ಇಂಗ್ಲಿಷೂ ಚುಕ್ಕಿ, ಕನ್ನಡವೂ ಚುಕ್ಕಿ. ಕನ್ನಡ ಎಂಬ ಕಾರಣಕ್ಕೆ ಅದು ನಮ್ಮನ್ನು ಕಾಯಿಸುವುದಿಲ್ಲ. ಸರ್ಕಾರಿ ಕಚೇರಿಯಿಂದ ಬರುವ ಕನ್ನಡದ ಪತ್ರ ಇಂಗ್ಲಿಷ್ ಪತ್ರದಷ್ಟೇ ಚೊಕ್ಕವಾಗಿರಲಿ ಎಂದು ಕೇಳುವುದು ದುಂದುಗಾರಿಕೆಯಲ್ಲ, ಅದು ನಮ್ಮ ಹಕ್ಕು.

ವಿರೋಧ: ರಸೀದಿಗೆ ಪಿನ್ನೇ ಸರಿ

ಮೇಲಿನ ಲೆಕ್ಕವೆಲ್ಲ ತುಂಬಿದ ಪುಟದ್ದು, ಅದೂ 9 ಪಿನ್ನಿನದು. ಹಳ್ಳಿಯ ಸೊಸೈಟಿಯ ಕೌಂಟರಿನಲ್ಲಿ ಪುಟ ಯಾರಿಗೆ ಬೇಕು? ಬೇಕಿರುವುದು ಮೂರು ಸಾಲಿನ ರಸೀದಿ. ಲೇಸರ್ ಮೊದಲು ಬಿಸಿಯಾಗಬೇಕು, ಟೋನರ್ ಎಂಬ ಶಾಯಿಪುಡಿಯನ್ನು ಕಾಗದಕ್ಕೆ ಬೆಸೆಯುವ ಉರುಳೆಗೆ 200 ಡಿಗ್ರಿಯ ಆಸುಪಾಸಿನ ಕಾವು ಬೇಕು. ಮೂರು ಸಾಲಿಗೂ ಅದು ಒಂದಿಡೀ ಹಾಳೆ ನುಂಗುತ್ತದೆ. 24 ಪಿನ್ನಿನ ಯಂತ್ರ ಖಾಲಿ ಜಾಗವನ್ನು ಹಾರಿಸಿ ಐದಾರು ಓಟದಲ್ಲಿ ಕೆಲಸ ಮುಗಿಸುತ್ತದೆ, ಹರಿದು ಕೈಗೆ ಕೊಡಬಹುದು.

ಲೇಸರಿನ ವೇಗದ ಮಾತನ್ನೂ ಮೊದಲಿನಿಂದ ಎಚ್ಚರದಿಂದಲೇ ಕೇಳಬೇಕಿತ್ತು. 1984ರ ಎಚ್‌ಪಿ ಲೇಸರ್‌ಜೆಟ್ ನಿಮಿಷಕ್ಕೆ 8 ಪುಟ ಎನ್ನುತ್ತಿತ್ತು. 300 ಡಿಪಿಐ ಚಿತ್ರವೊಂದು ಪುಟ ತುಂಬಬೇಕಾದರೆ ಸುಮಾರು 1 ಎಂಬಿ ಸ್ಮೃತಿ ಬೇಕು, ಅದರಲ್ಲಿದ್ದದ್ದು 128 ಕೆಬಿ. ಆ 8 ಪುಟ ಯಂತ್ರಕ್ಕೆ ಗೊತ್ತಿದ್ದ ಅಕ್ಷರದ ಪುಟಗಳು, ಚಿತ್ರವಾಗಿ ಹೋಗುವ ಕನ್ನಡದವಲ್ಲ.

ಎಲ್ಲಕ್ಕಿಂತ ದೊಡ್ಡದು ಪಿನ್ನಿನ ಹೊಡೆತ. ನಡುವೆ ಕಾರ್ಬನ್ ಇಟ್ಟರೆ ಒಂದೇ ಹೊಡೆತಕ್ಕೆ ಮೂರು ಹಾಳೆಯಲ್ಲಿ ಅದೇ ಮೊತ್ತ ಮೂಡುತ್ತದೆ, ಸಾಲ ತೀರಿಸಿದ ರೈತನ ಕೈಯಲ್ಲಿರುವುದಕ್ಕೂ ಕಡತದಲ್ಲಿರುವುದಕ್ಕೂ ಒಂದು ಪೈಸೆಯ ಅಂತರ ಬರುವಂತಿಲ್ಲ. ಲೇಸರಿನಲ್ಲಿ ಮೂರೂ ಬೇರೆ ಬೇರೆ ಮುದ್ರಣ, ಪ್ರತಿಯೊಂದಕ್ಕೂ ಬೇರೆ ಟೋನರ್. ಹೊಲಿಗೆ ಹಾಕಿದ ಪಾಸ್‌ಬುಕ್ಕನ್ನಂತೂ ಅದರೊಳಗೆ ತೂರಿಸಲಾಗದು. ಕರೆಂಟ್ ಹೋದಾಗ ಸಣ್ಣ ಯುಪಿಎಸ್ ಮೇಲೆ ಲೇಸರ್ ಹಾಕುವಂತಿಲ್ಲ, ಕಾವಿಗೆ ಅದು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಯುಪಿಎಸ್ ತಾಳದು. ಪಿನ್ನಿನ ಯಂತ್ರ ಅದರಲ್ಲೇ ನಡೆಯುತ್ತದೆ. ರಿಬ್ಬನ್ನೂ ಮಸುಕಾಗುತ್ತ ಮಸುಕಾಗುತ್ತ ತಾನು ಮುಗಿಯುವುದನ್ನು ವಾರ ಮೊದಲೇ ಹೇಳುತ್ತದೆ.

ಮದುವೆಯ ಕರೆಯೋಲೆಗೆ, ಊರಿನ ನಕ್ಷೆಗೆ ಲೇಸರೇ ಇರಲಿ, ತಕರಾರಿಲ್ಲ. ಒತ್ತಕ್ಷರದ ಚಿಂತೆಗೂ ದಾರಿಯಿದೆ: 24 ಪಿನ್ನಿನಲ್ಲಿ ಇಂಚಿಗೆ 180 ಚುಕ್ಕಿ, 12 ಪಾಯಿಂಟಿಗೆ 30. ಅಕ್ಷರವನ್ನು 14 ಪಾಯಿಂಟಿಗೆ ಏರಿಸಿ ಹೊಸ ರಿಬ್ಬನ್ ಹಾಕಿ, ಮೂರನೇ ಹಾಳೆಯಲ್ಲೂ 'ಲಕ್ಷ್ಮಿ' ಲಕ್ಷ್ಮಿಯಾಗಿಯೇ ಇರುತ್ತಾಳೆ.