ಅಪ್ಪೆಮಿಡಿಯಲ್ಲಿ ನೆನೆದ ಕಾದಂಬರಿ

ತೀರ್ಥಹಳ್ಳಿಯ ಗೆಳೆಯನೂ ಮೈಸೂರಿನ ನಾನೂ ಭಾನುವಾರ ಬೆಳಗಿನ ಕಾಫಿಯಾದ ಮೇಲೆ ಫೋನಿನಲ್ಲಿ ಮಾತನಾಡುವ ಪದ್ಧತಿ ನಾವಿಬ್ಬರೂ ನಿವೃತ್ತರಾದ ಕಾಲದಿಂದ ನಡೆದುಬಂದಿದೆ. ಮಾತಿನ ವಿಷಯಗಳು ನಾಲ್ಕೇ: ಮನೆ, ಪೇಟೆ, ಪುಸ್ತಕ, ಮಳೆ. ಇವು ಒಂದಾದ ಮೇಲೊಂದು ಬಂದಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಆದರೆ ಅಲ್ಲಿ ಅವನ ಹೆಂಡತಿ, ಇಲ್ಲಿ ನನ್ನ ಹೆಂಡತಿ, ಇಬ್ಬರೂ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುವುದರಿಂದ ನಾಲ್ಕು ವಿಷಯಗಳೂ ನಾಲ್ಕು ಬಾಯಿಗಳಿಂದ ಏಕಕಾಲಕ್ಕೆ ಹೊರಡುತ್ತವೆ. ಯಾವ ಪ್ರಶ್ನೆಗೆ ಯಾವ ಉತ್ತರ ಬಂತೆಂದು ಹೊಂದಿಸಿಕೊಳ್ಳುವುದು ಕೇಳುವವರ ಕರ್ಮ.

ಮಳೆಯ ವಿಷಯದಲ್ಲಿ ಗೆಳೆಯನ ಅಹಂಕಾರಕ್ಕೆ ಮಿತಿಯಿಲ್ಲ. ಆಗುಂಬೆ ಇರುವುದು ಅವನ ತಾಲ್ಲೂಕಿನಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆ ಊರನ್ನು ಅವನು ಪಿತ್ರಾರ್ಜಿತ ಆಸ್ತಿಯಂತೆ ಮಾತಿನ ನಡುವೆ ತರುತ್ತಾನೆ. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರು. ಅದನ್ನು ಮಳೆಯೆಂದು ಒಪ್ಪಿಕೊಳ್ಳಲು ಅವನು ಸಿದ್ಧನಿಲ್ಲ. "ಏನು ಮಾರಾಯಾ, ನಿಮ್ಮಲ್ಲಿ ಇವತ್ತು ಇಬ್ಬನಿ ಜೋರಾ?" ಎಂದು ವಿಚಾರಿಸುತ್ತಾನೆ. ತುಂಗೆಯ ನಡುವಿನ ರಾಮಮಂಟಪ ಮುಳುಗಿತೆಂದು ಅವನು ಹೇಳಿದರೆ, ಕಬಿನಿಯಿಂದ ನೀರು ಬಿಟ್ಟದ್ದಕ್ಕೆ ನಂಜನಗೂಡಿನ ಹದಿನಾರು ಕಾಲು ಮಂಟಪವೂ ಮುಳುಗಿದೆಯೆಂದು ನಾನು ಹೇಳಬೇಕಾಗುತ್ತದೆ. ನಮ್ಮ ಊರಿನ ಮಾನ ಉಳಿಸಲು ನೆರೆಯ ತಾಲ್ಲೂಕಿನ ಮಂಟಪವನ್ನು ಎರವಲು ತರುವ ಈ ಗತಿ ನನಗೆ ಪ್ರತಿ ಆಷಾಢದಲ್ಲಿಯೂ ತಪ್ಪಿದ್ದಲ್ಲ.

ಮಂಟಪಗಳು ಮುಗಿದ ಮೇಲೆ ಅಣೆಕಟ್ಟೆಗಳ ಸರದಿ. ನಮ್ಮ ಕೆಆರ್‌ಎಸ್ ಭರ್ತಿಯಾಗುವುದು 124.80 ಅಡಿಗೆ, ಅವನ ಜಿಲ್ಲೆಯ ಲಿಂಗನಮಕ್ಕಿ 1,819 ಅಡಿಗೆ. ಮೊದಲನೆಯದನ್ನು ಅಣೆಕಟ್ಟೆಯ ಬುಡದಿಂದ ಅಳೆಯುತ್ತಾರೆ, ಎರಡನೆಯದನ್ನು ಸಮುದ್ರಮಟ್ಟದಿಂದ ಅಳೆಯುತ್ತಾರೆ, ಹಾಗಾಗಿ ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಜಗಳವಾಡುವುದರಲ್ಲಿ ಅರ್ಥವಿಲ್ಲವೆಂದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತು. ಆದರೂ ಅವನು "ಸಾವಿರದ ಎಂಟುನೂರು" ಎನ್ನುವಾಗ ದನಿಯಲ್ಲಿ ಬರುವ ಗತ್ತು ನನಗೆ "ನೂರ ಇಪ್ಪತ್ತನಾಲ್ಕು" ಎನ್ನುವಾಗ ಎಷ್ಟು ಕೆಮ್ಮಿದರೂ ಬರುವುದಿಲ್ಲ.

ಈ ಅಂಕಿಗಳಿಂದ ಒಂದು ಭಾನುವಾರ ನಮ್ಮ ಮನೆಯಲ್ಲಿ ಅನಾಹುತವಾಯಿತು. ಆಷಾಢದ ರಿಯಾಯಿತಿ ಮಾರಾಟದಲ್ಲಿ ನನ್ನ ಹೆಂಡತಿ ಒಂದು ಸೀರೆ ತಂದಿದ್ದಳು. ಮದುವೆ ಮುಂಜಿಗಳಿಲ್ಲದ ಆ ತಿಂಗಳಲ್ಲಿ ಗಿರಾಕಿಗಳನ್ನು ಒಳಗೆ ಕರೆಯಲು ಅಂಗಡಿಯವರು ಬಾಗಿಲಿಗೆ ಕಟ್ಟುವ ಬ್ಯಾನರಿನ ಅರ್ಧದಷ್ಟು ಬಟ್ಟೆಯೂ ಒಂದು ಸೀರೆಗೆ ಬೇಕಾಗಲಾರದು, ಅದಿರಲಿ. ಅದರ ಬಣ್ಣ, ಅಂಚು, ಸೆರಗುಗಳ ವರ್ಣನೆಯನ್ನು ಮುಗಿಸಿ ಅವಳು, "ನಿಮ್ಮ ಕಡೆ ಇಂಥದ್ದಕ್ಕೆ ಎಷ್ಟಿದೆ?" ಎಂದು ಗೆಳೆಯನ ಹೆಂಡತಿಯನ್ನು ಕೇಳಿದ ಗಳಿಗೆಯಲ್ಲೇ, ದಿನಪತ್ರಿಕೆಯ ಜಲಾಶಯದ ಪಟ್ಟಿಯಲ್ಲಿ ಮುಳುಗಿದ್ದ ಗೆಳೆಯ, "ಸಾವಿರದ ಏಳುನೂರ ತೊಂಬತ್ತೇಳು!" ಎಂದು ಘೋಷಿಸಿದ. ನನ್ನ ಹೆಂಡತಿಯ ಮುಖ ಕಪ್ಪಿಟ್ಟಿತು. ಅವಳು ಕೊಟ್ಟ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಅವನು ಅಷ್ಟಕ್ಕೇ ನಿಲ್ಲದೆ, "ನಾಳೆ ಬೆಳಗಾಗುವುದರೊಳಗೆ ಇನ್ನೂ ಏರುತ್ತೆ, ನೋಡ್ತಾ ಇರಿ" ಎಂದ. "ಹಾಗಾದರೆ ಇವತ್ತೇ ಎರಡು ತೆಗೆದಿಡಲು ಹೇಳಿ ಅಣ್ಣಾ" ಎಂದು ಇವಳು ಗಡಿಬಿಡಿಯಿಂದ ಕೂಗಿದಳು. ಶರಾವತಿಯ ಜಲಾಶಯದಿಂದ ಎರಡೇನನ್ನು ತೆಗೆದಿಡಬೇಕೆಂದು ತಿಳಿಯದೆ ಅವನು ಬಹಳ ಹೊತ್ತು ಮೌನವಾಗಿದ್ದ. ಅವನನ್ನು ಸುಮ್ಮನಾಗಿಸಿದ ಮಾತು ನಮ್ಮ ಕಾಲೇಜಿನ ದಿನಗಳಿಂದ ಈಚೆಗೆ ಅದೊಂದೇ ಇರಬೇಕು.

ಪುಸ್ತಕದ ಕಥೆ ಇದಕ್ಕಿಂತ ಹಳೆಯದು. ಎರಡು ಸಂಪುಟಗಳ ಒಂದು ದಪ್ಪ ಕಾದಂಬರಿಯ ಮೊದಲನೆಯ ಸಂಪುಟವನ್ನು ಅವನು ನನ್ನಿಂದ ಓದಲು ಒಯ್ದಾಗ ಅವನ ಮಗಳು ಅಕ್ಷರ ಕಲಿಯುತ್ತಿದ್ದಳು. ಈಗ ಅವಳ ಮಗ ಅಕ್ಷರ ಕಲಿಯುತ್ತಿದ್ದಾನೆ. ಫೋನಿನಲ್ಲಿ ಆ ಪುಸ್ತಕದ ಪ್ರಸ್ತಾಪವೆತ್ತಿದಾಗಲೆಲ್ಲ ಅವನು, "ಮಳೆ ಬಿಡಲಿ, ಕಳಿಸ್ತೇನೆ" ಎನ್ನುತ್ತಿದ್ದ. ಮಲೆನಾಡಿನವರು ಬಾಕಿ ಉಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಭದ್ರವಾದ ಕಾರಣ ಇನ್ನೊಂದಿಲ್ಲ. ಮಳೆ ಬಿಟ್ಟಿತೆನ್ನುವಾಗ ಅಡಿಕೆ ಕೊಯ್ಲು ಬರುತ್ತದೆ, ಕೊಯ್ಲು ಮುಗಿದರೆ ಮದುವೆಗಳು, ಮದುವೆ ಮುಗಿಯುವಷ್ಟರಲ್ಲಿ ಮತ್ತೆ ಮಳೆ.

ಕೊನೆಗೆ ಈ ವರ್ಷ ಅದು ಹೊರಟಿತು, ಅದೂ ಆರಿದ್ರಾ ಮಳೆಯಲ್ಲಿ. "ಆರಿದ್ರಾ ಮಳೆ ಆರದೆ ಹುಯ್ಯುತ್ತೆ" ಎಂಬ ಗಾದೆಯನ್ನು ನನಗೆ ಹೇಳಿಕೊಟ್ಟವನೇ ಅವನು. ಅವನ ತಂಗಿಯ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆ ಮುಗಿಸಿ ರಾತ್ರಿ ಬಸ್ಸಿಗೆ ಹೊರಟ ಹುಡುಗನ ಕೈಗೆ ಗೆಳೆಯನ ಹೆಂಡತಿ ಒಂದು ಚೀಲ ಕೊಟ್ಟಳು. ಅದರಲ್ಲಿ ನಮಗೆಂದು ವರ್ಷವೂ ಬರುವ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಯಲ್ಲಿ ತುಂಬಿತ್ತು. ಡಬ್ಬಿ ಅಲುಗಾಡದಂತೆ ಕೆಳಗೆ ಏನಾದರೂ ಗಟ್ಟಿಯಾದುದನ್ನು ಇಡಬೇಕಲ್ಲ ಎಂದು ಅವಳು ಸುತ್ತಲೂ ನೋಡಿದಾಗ, ಗೆಳೆಯನಿಗೆ ಫಕ್ಕನೆ ನನ್ನ ಸಾಲ ನೆನಪಾಯಿತಂತೆ. ಕನ್ನಡ ಕಾದಂಬರಿಯೊಂದರ ಗಟ್ಟಿತನವನ್ನು ಇಷ್ಟು ಅಕ್ಷರಶಃ ಮೆಚ್ಚಿದವರನ್ನು ನಾನು ಬೇರೆ ಕಂಡಿಲ್ಲ.

ಶಿವಮೊಗ್ಗ ದಾಟಿದ ಮೇಲೆ ರಸ್ತೆಯ ಗುಂಡಿಗಳಲ್ಲಿ ಬಸ್ಸು ಕುಣಿದಿರಬೇಕು, ಡಬ್ಬಿಯ ಮುಚ್ಚಳ ಸಡಿಲವಾಗಿರಬೇಕು. ತಲೆಯ ಮೇಲಿನ ಸಾಮಾನಿನ ಕಟ್ಟೆಯಿಂದ ಹನಿ ಬೀಳುವುದು ಹುಡುಗನ ಗಮನಕ್ಕೆ ಬಂದಿತ್ತು. ಆದರೆ ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದುದರಿಂದ ಬಸ್ಸಿನ ಮಾಡು ಸೋರುತ್ತಿದೆಯೆಂದು ತಿಳಿದು, ಮಲೆನಾಡಿನ ಮಕ್ಕಳಿಗೆ ಸಹಜವಾದ ನಿರ್ಲಿಪ್ತತೆಯಿಂದ ಅವನು ಟೋಪಿ ಎಳೆದುಕೊಂಡು ಮಲಗಿದ. ಮುಂದಿನ ಸೀಟಿನ ಹಿರಿಯರೊಬ್ಬರು ನಡುರಾತ್ರಿಯಲ್ಲಿ ಎದ್ದು, ಈ ಮಳೆ ಯಾಕೋ ಕಣ್ಣು ಉರಿಸುತ್ತಿದೆಯಲ್ಲ ಎಂದು ಗೊಣಗಿದ್ದನ್ನು ಹುಡುಗನೇ ಆಮೇಲೆ ವರದಿ ಮಾಡಿದ.

ಬೆಳಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಚೀಲ ಬಿಚ್ಚಿದಾಗ ಮಿಡಿಗಳೆಲ್ಲ ಡಬ್ಬಿಯಲ್ಲಿ ಒಣಗಿ ಕುಳಿತಿದ್ದವು, ರಸವನ್ನೆಲ್ಲ ಕಾದಂಬರಿ ಕುಡಿದಿತ್ತು. ನನ್ನ ಹೆಂಡತಿ ಮೊದಲು ಮಿಡಿಗಳ ಯೋಗಕ್ಷೇಮವನ್ನು ವಿಚಾರಿಸಿದಳು. ಪುಸ್ತಕವನ್ನು ಒಣಗಿಸಲು ಬಿಸಿಲಿಲ್ಲ. ಆಗುಂಬೆಯಷ್ಟು ಮಳೆ ಬಾರದ ಮೈಸೂರಿನಲ್ಲಿ ಆ ವಾರವಿಡೀ ಮೋಡ ಮುಸುಕಿಕೊಂಡು ಸೋನೆ ಹಿಡಿದಿತ್ತು. ಹಾಳೆಗಳನ್ನು ಬಿಡಿಸಿ ಫ್ಯಾನಿನ ಕೆಳಗೆ ಹರಡಿದೆವು. ಅಪ್ಪೆಮಿಡಿಯ ಘಮ ಎರಡು ಮನೆಯಾಚೆಗೂ ಹಬ್ಬಿ, ಪಕ್ಕದ ಮನೆಯಾಕೆ ಬಟ್ಟಲು ಹಿಡಿದುಕೊಂಡೇ ಬಂದರು. ಫ್ಯಾನು ಸಾಲದೆಂದು ಇಸ್ತ್ರಿ ಪೆಟ್ಟಿಗೆಯನ್ನು ಹಾಯಿಸಿದಾಗ ಇಂಗಿನ ಒಗ್ಗರಣೆ ಹಾಕಿದಂಥ ವಾಸನೆ ಎದ್ದಿತು. ಅಂತೂ ಪುಸ್ತಕ ಒಣಗಿತು. ನಾಯಕಿ ತವರು ಬಿಟ್ಟು ಹೊರಡುವ ಭಾಗ ಖಾರದ ಪುಡಿಯಿಂದ ಕೆಂಪಾಗಿದೆ. ಅದನ್ನು ಓದುವಾಗ ಈಗ ಎಂಥ ಕಲ್ಲೆದೆಯವರಿಗೂ ಕಣ್ಣಲ್ಲಿ ನೀರು ಬರುತ್ತದೆ.

ಮುಂದಿನ ಭಾನುವಾರ ಗೆಳೆಯ ಸಹಜವಾಗಿ, "ಹೇಗಿದೆ, ಪುಟ ಎಲ್ಲ ಸರಿಯಾಗಿದೆಯಾ?" ಎಂದು ಕೇಳಿದ. "ಮೊದಲರ್ಧದಲ್ಲಿ ಉಪ್ಪು ಸ್ವಲ್ಪ ಹೆಚ್ಚಾಯಿತು" ಎಂದೆ. ತಕ್ಷಣ ಅವನ ಹೆಂಡತಿ ನೊಂದ ದನಿಯಲ್ಲಿ, "ಈ ವರ್ಷ ಅಳತೆ ನೋಡಿಯೇ ಹಾಕಿದ್ದೆ ಅಣ್ಣಾ" ಎಂದಳು. ಅವಳನ್ನು ಸಮಾಧಾನಪಡಿಸುವುದರಲ್ಲಿ ನನ್ನ ಹೆಂಡತಿಗೆ ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಗೆಳೆಯ, ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಒಂದೆರಡು ದಿನವಾದರೂ ಮಳೆ ಹೊಳವಾಗಬೇಕು, ಆ ಬಿಡುವಿನಲ್ಲಿ ಓದುವುದಕ್ಕೆ ಎರಡನೆಯ ಸಂಪುಟ ಬೇಕು ಎಂದು ಬೇಡಿಕೆ ಮುಂದಿಟ್ಟ. ಜೊತೆಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ದೇವರಾಜ ಮಾರುಕಟ್ಟೆಯಿಂದ ಮೈಸೂರು ವೀಳ್ಯದೆಲೆಯೂ ಈರನಗೆರೆ ಬದನೆಯೂ ಬೇಕೆಂದು ಅವನ ಹೆಂಡತಿಯ ಪಟ್ಟಿ. ವೀಳ್ಯದೆಲೆ ಬಾಡದಿರಬೇಕಾದರೆ ಚೆನ್ನಾಗಿ ನೀರು ಚಿಮುಕಿಸಿ ಕಟ್ಟಬೇಕು. ಹಾಗಾಗಿ ಎಲೆ ಒಂದು ಚೀಲದಲ್ಲಿ, ಬದನೆ ಇನ್ನೊಂದರಲ್ಲಿ, ಪುಸ್ತಕ ಮೂರನೆಯದರಲ್ಲಿ ಹೋಗಬೇಕೆಂದು ನನ್ನ ಹೆಂಡತಿ ತೀರ್ಪು ಕೊಟ್ಟಿದ್ದಾಳೆ. ಮೂರು ಚೀಲಗಳೂ ಸಿದ್ಧವಾಗಿವೆ. ಅವನ್ನು ಒಯ್ಯಬೇಕಾದ ಎಂಜಿನಿಯರಿಂಗ್ ಹುಡುಗ ಮಾತ್ರ ಈಚೆಗೆ ನನ್ನ ಫೋನ್ ಎತ್ತುತ್ತಿಲ್ಲ.